ಗಡಿಯಾರಕ್ಕೆ ಸಿಗದ ಓಟ

2011ರ ಏಪ್ರಿಲ್ 18, ಸೋಮವಾರ. ಕೀನ್ಯಾದ ಜೆಫ್ರಿ ಮುಟಾಯ್ ಅಮೆರಿಕದ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಮುಗಿಸಿದರು. 42.195 ಕಿಲೋಮೀಟರನ್ನು ಅಷ್ಟು ಬೇಗ ಓಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 2008ರಲ್ಲಿ ಬರ್ಲಿನ್‌ನಲ್ಲಿ ಮಾಡಿದ್ದ ವಿಶ್ವದಾಖಲೆಗಿಂತ ಇದು 57 ಸೆಕೆಂಡು ಕಡಿಮೆ. ನಾಲ್ಕು ಸೆಕೆಂಡು ತಡವಾಗಿ ಎರಡನೆಯವರಾಗಿ ಬಂದ ಮೋಸೆಸ್ ಮೊಸೊಪ್ ಕೂಡ ಆ ದಾಖಲೆಯನ್ನು ಮೀರಿದ್ದರು. ಆದರೂ ವಿಶ್ವದಾಖಲೆಯ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಓಟಗಾರರಲ್ಲಾಗಲೀ ದೂರದ ಅಳತೆಯಲ್ಲಾಗಲೀ ತಪ್ಪಿರಲಿಲ್ಲ. ದಾಖಲೆಗೆ ಲಾಯಕ್ಕಲ್ಲ ಎನಿಸಿಕೊಂಡದ್ದು ರಸ್ತೆ.

ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮ ಎರಡು ಮಾತು ಹೇಳುತ್ತದೆ. ಓಟ ಶುರುವಾಗುವ ಜಾಗಕ್ಕಿಂತ ಮುಗಿಯುವ ಜಾಗ ಕಿಲೋಮೀಟರಿಗೆ ಒಂದು ಮೀಟರ್ ಲೆಕ್ಕಕ್ಕಿಂತ, ಅಂದರೆ ಮ್ಯಾರಥಾನಿನಲ್ಲಿ ಸುಮಾರು 42 ಮೀಟರಿಗಿಂತ, ತಗ್ಗಿನಲ್ಲಿರಬಾರದು. ಜೊತೆಗೆ ಆ ಎರಡು ಜಾಗಗಳ ನಡುವಿನ ನೇರ ಅಂತರ ಓಟದ ಒಟ್ಟು ದೂರದ ಅರ್ಧವನ್ನು ದಾಟಬಾರದು. ದಾಟಿದರೆ ಬೆನ್ನಿಗೆ ಬೀಸುವ ಗಾಳಿ ಉದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ ಎಂಬ ಅನುಮಾನ. ಬಾಸ್ಟನ್ ಓಟ ಎರಡನ್ನೂ ಮುರಿಯುತ್ತದೆ. ಹಾಪ್ಕಿಂಟನ್ ಎಂಬ ಸಣ್ಣ ಪಟ್ಟಣದಿಂದ ಹೆಚ್ಚು ಕಡಿಮೆ ನೇರ ಪೂರ್ವಕ್ಕೆ ಸಾಗುವ ಈ ದಾರಿ ಕಡಲ ಕಡೆಗೆ ಸುಮಾರು 140 ಮೀಟರ್ ಇಳಿಯುತ್ತದೆ. 2011ರಲ್ಲಿ ಪಶ್ಚಿಮದ ಗಾಳಿ ಬೇರೆ ಬೆನ್ನಿಗಿತ್ತು. ದಾಖಲೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆಂದರೆ ಇಂಥ ನಿಯಮ ಬೇಕು, ತಕರಾರಿಲ್ಲ. ಆದರೆ ಈ ನಿಯಮ ಓದಿದವರು ಬಾಸ್ಟನ್ ಎಂದರೆ ಇಳಿಜಾರಿನ ಸುಲಭದ ಓಟ ಎಂದುಕೊಂಡರೆ ಅದು ತಪ್ಪು. ಅದರ ಕಷ್ಟವೆಲ್ಲ ‘ಹಾರ್ಟ್‌ಬ್ರೇಕ್ ಹಿಲ್’ ಎಂಬ ಹೆಸರಾಂತ ಏರಿನಲ್ಲಿದೆ ಎಂದು ಟಿವಿ ವೀಕ್ಷಕ ವಿವರಣೆ ಕೇಳಿದವರು ನಂಬಿದ್ದರೆ ಅದೂ ಅರ್ಧ ಸತ್ಯವೇ. ಈ ಓಟವನ್ನು ಓಟವಾಗಿಸಿರುವ ಸಂಗತಿಗಳು ಎರಡು. ಒಂದು, ಕಾಲನ್ನು ಸದ್ದಿಲ್ಲದೆ ಸವೆಸುವ ಇಳಿತ. ಇನ್ನೊಂದು, ರಸ್ತೆಯ ಎರಡೂ ಬದಿ ಜನ ತುಂಬಿಸುವ ಸೋಮವಾರದ ರಜೆ. ಎರಡೂ ಗಡಿಯಾರಕ್ಕೆ ಸಿಗುವಂಥವಲ್ಲ.

ದಾರಿಯನ್ನೇ ನೋಡಿ. ಹಾಪ್ಕಿಂಟನ್ನಿನ ಗೆರೆ ದಾಟಿದ ತಕ್ಷಣ ರಸ್ತೆ ಕೆಳಕ್ಕೆ ಜಾರುತ್ತದೆ. ಒಟ್ಟು ಇಳಿತದ ಬಹುಪಾಲು ಮೊದಲ ಆರೇಳು ಕಿಲೋಮೀಟರಿನಲ್ಲೇ ಮುಗಿದುಹೋಗುತ್ತದೆ. ಆಮೇಲೆ ಆಶ್‌ಲೆಂಡ್, ಫ್ರೇಮಿಂಗ್‌ಹ್ಯಾಮ್, ನೇಟಿಕ್ ಊರುಗಳ ಮೂಲಕ ಸಣ್ಣಪುಟ್ಟ ಏರಿಳಿತ. ವೆಲ್ಸ್ಲಿ ದಾಟಿ ನ್ಯೂಟನ್ನಿನ ಗಡಿಗೆ ಬರುವ ಹೊತ್ತಿಗೆ, ಅಂದರೆ ಸುಮಾರು 26ನೇ ಕಿಲೋಮೀಟರಿನಲ್ಲಿ, ರಸ್ತೆ ಮತ್ತೊಮ್ಮೆ ಹೊಳೆಯ ಮಟ್ಟಕ್ಕೆ ಕುಸಿಯುತ್ತದೆ. ಅಲ್ಲಿಂದ ಮುಂದಿನ ಏಳೆಂಟು ಕಿಲೋಮೀಟರಿನಲ್ಲಿ ನಾಲ್ಕು ದಿಬ್ಬಗಳು. ಕೊನೆಯದೇ ಹಾರ್ಟ್‌ಬ್ರೇಕ್ ಹಿಲ್. ಉದ್ದ ಸುಮಾರು 600 ಮೀಟರ್, ಎತ್ತರ 30 ಮೀಟರಿಗೂ ಕಡಿಮೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರು ಇದನ್ನು ಬೆಟ್ಟ ಎಂದು ಕರೆಯಲೂ ಒಪ್ಪುವುದಿಲ್ಲ. ಅದು ಐದನೇ ಕಿಲೋಮೀಟರಿನಲ್ಲಿ ಇದ್ದಿದ್ದರೆ ಅದಕ್ಕೊಂದು ಹೆಸರಿಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಅದರ ಕೀರ್ತಿಯೆಲ್ಲ ನಿಂತಿರುವುದು ಅದು ಬರುವ ಹೊತ್ತಿನ ಮೇಲೆ. ಕಾಲು ಸೋತ ಮೇಲೆ, 33ನೇ ಕಿಲೋಮೀಟರಿನ ಆಸುಪಾಸಿನಲ್ಲಿ ಅದು ಎದುರಾಗುತ್ತದೆ. ದಿಬ್ಬದ ನೆತ್ತಿ ದಾಟಿದ ಮೇಲೂ ಬಿಡುಗಡೆಯಿಲ್ಲ. ಮುಂದೆ ಬಾಸ್ಟನ್ನಿನವರೆಗೆ ಮತ್ತೆ ಇಳಿತ.

ಇಳಿಯುವುದರಿಂದ ಕಾಲು ಸೋಲುವುದು ಹೇಗೆ? ಏರುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಉಸಿರು ಏರುತ್ತದೆ, ಎದೆ ಬಡಿತ ಜೋರಾಗುತ್ತದೆ, ಆದ್ದರಿಂದ ಕಷ್ಟ ಕೂಡಲೇ ಗೊತ್ತಾಗುತ್ತದೆ. ಇಳಿಯುವಾಗ ನಡೆಯುವುದು ಬೇರೆ. ಹೆಜ್ಜೆ ಊರಿದಾಗಲೆಲ್ಲ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿರುತ್ತಲೇ ಹಿಗ್ಗಬೇಕು. ಘಾಟಿ ಇಳಿಯುವ ಲಾರಿಗೆ ಡೀಸೆಲ್ ಹೆಚ್ಚು ಬೇಡ, ಆದರೆ ತಳ ತಲುಪುವಾಗ ಅದರ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದಲ್ಲ, ಹಾಗೆ. ಹಿಗ್ಗುತ್ತಲೇ ತಡೆಯುವ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುತ್ತವೆ. ಆ ನೋವು ಪೂರ್ತಿ ಗೊತ್ತಾಗುವುದು ಒಂದೆರಡು ದಿನ ಕಳೆದ ಮೇಲೆ, ಮೆಟ್ಟಿಲು ಇಳಿಯುವಾಗ. ಆದರೆ ಸ್ನಾಯುವಿನ ಬಲ ಓಟದ ನಡುವೆಯೇ ತಗ್ಗಿರುತ್ತದೆ. ಇದರ ಜೊತೆಗೆ ಇಂಧನದ ಲೆಕ್ಕವೂ ಇದೆ. ಓಡುವವರು ಪ್ರತಿ ಕಿಲೋಮೀಟರಿಗೆ ತಮ್ಮ ತೂಕದ ಪ್ರತಿ ಕಿಲೋಗೆ ಹೆಚ್ಚು ಕಡಿಮೆ ಒಂದು ಕ್ಯಾಲೊರಿ ಖರ್ಚು ಮಾಡುತ್ತಾರೆ. ಅಂದರೆ 65 ಕಿಲೋ ತೂಕದವರಿಗೆ ಇಡೀ ಮ್ಯಾರಥಾನಿಗೆ ಸುಮಾರು 2,700. ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯ ರೂಪದಲ್ಲಿ ದಾಸ್ತಾನು ಇರುವುದು ಸುಮಾರು 2,000. ಸಮತಟ್ಟಾದ ಓಟದಲ್ಲೂ 30-32ನೇ ಕಿಲೋಮೀಟರಿನ ಹೊತ್ತಿಗೆ ಅದು ಬರಿದಾಗತೊಡಗುತ್ತದೆ. ಬಾಸ್ಟನ್ನಿನಲ್ಲಿ ದಿಬ್ಬಗಳು ಬರುವುದೂ ಸರಿಯಾಗಿ ಆಗಲೇ. ಇನ್ನು, ಇಳಿತ ಉಳಿಸಿದ್ದನ್ನು ಏರಿನಲ್ಲಿ ಖರ್ಚು ಮಾಡಿದರೆ ಸರಿಹೋಯಿತಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ಸರಿಹೋಗುವುದಿಲ್ಲ. ಅದೇ ಇಳಿಜಾರನ್ನು ಇಳಿದು ಉಳಿಸುವ ಶಕ್ತಿಗಿಂತ ಹತ್ತಲು ತೆರುವ ಶಕ್ತಿ ಹೆಚ್ಚು.

ಆ ದಿಬ್ಬಕ್ಕೆ ಹೆಸರು ಬಂದ ಕಥೆಯೂ ಇದನ್ನೇ ಹೇಳುತ್ತದೆ. 1936ರಲ್ಲಿ ಮುಂದೆ ಓಡುತ್ತಿದ್ದವರು ನ್ಯಾರಗ್ಯಾನ್ಸೆಟ್ ಮೂಲನಿವಾಸಿ ಸಮುದಾಯದ ಎಲಿಸನ್ ಬ್ರೌನ್. ಹಿಂದಿನ ವರ್ಷ ಗೆದ್ದಿದ್ದ ಜಾನಿ ಕೆಲಿ ನ್ಯೂಟನ್ನಿನ ದಿಬ್ಬಗಳಲ್ಲಿ ಅಂತರ ಮುಚ್ಚಿಕೊಂಡು ಬಂದು, ಪಕ್ಕದಲ್ಲಿ ಸಾಗುತ್ತಾ ಬ್ರೌನ್ ಅವರ ಬೆನ್ನು ತಟ್ಟಿದರು. ಆ ತಟ್ಟುವಿಕೆಯಿಂದ ಬ್ರೌನ್ ಕೆರಳಿದರೆಂದು ಹೇಳುತ್ತಾರೆ. ಅವರು ಮತ್ತೆ ಮುನ್ನುಗ್ಗಿ ಗೆದ್ದರು, ಕೆಲಿ ಐದನೆಯವರಾದರು. ಕೆಲಿಯ ಎದೆ ಒಡೆದ ಜಾಗ ಎಂದು ‘ಬಾಸ್ಟನ್ ಗ್ಲೋಬ್’ ಪತ್ರಿಕೆಯ ಜೆರ್ರಿ ನೇಸನ್ ಬರೆದರು, ಹೆಸರು ಉಳಿಯಿತು. ಆದರೆ ದಿಬ್ಬ ಹತ್ತುವಾಗ ಕೆಲಿ ಸೋತಿರಲಿಲ್ಲ, ಎದುರಾಳಿಯನ್ನು ಹಿಡಿದಿದ್ದೇ ಅಲ್ಲಿ. ಸೋತದ್ದು ಅದರ ಆಚೆ. ದಿಬ್ಬದ ಮೇಲೆ ಎಲ್ಲವನ್ನೂ ಸುರಿದುಬಿಟ್ಟವರಿಗೆ ಮುಂದಿನ ಇಳಿತಕ್ಕೆ ಕಾಲು ಉಳಿಯುವುದಿಲ್ಲ. ಕೆಲಿ ಆಮೇಲೆ 1945ರಲ್ಲಿ ಮತ್ತೊಮ್ಮೆ ಗೆದ್ದರು. ಒಟ್ಟು 61 ಸಲ ಈ ಓಟದ ಗೆರೆಯಲ್ಲಿ ನಿಂತರು, 58 ಸಲ ಮುಗಿಸಿದರು. ಆ ದಿಬ್ಬದ ಹತ್ತಿರ ಇಂದು ಇರುವುದು ಅವರ ಪ್ರತಿಮೆ. ಗೆದ್ದ ಬ್ರೌನ್ ಅವರ ಹೆಸರು ದಿಬ್ಬಕ್ಕೆ ಬರಲಿಲ್ಲ ಎಂಬುದನ್ನೂ ಗಮನಿಸಬೇಕು.

ಇಂಥ ರಸ್ತೆಯಲ್ಲಿ ಗಡಿಯಾರ ಎಷ್ಟು ಹೇಳುತ್ತದೆ ಎಂಬುದಕ್ಕೆ 2018ರ ಓಟ ಒಳ್ಳೆಯ ಸಾಕ್ಷಿ. ಆ ದಿನ ಕೊರೆಯುವ ಚಳಿ, ಸುರಿಯುವ ಮಳೆ, ಎದುರು ಗಾಳಿ. ಗೆದ್ದವರು ಜಪಾನಿನ ಯೂಕಿ ಕವಾಉಚಿ, ಶಾಲೆಯೊಂದರ ಕಚೇರಿಯಲ್ಲಿ ನೌಕರಿ ಮಾಡಿಕೊಂಡಿದ್ದವರು. ಸಮಯ 2:15:58. ಬಿಸಿಲಿನ ಝಳಕ್ಕೆ ಓಟಗಾರರ ಮೇಲೆ ಜನ ಮನೆಯ ಪೈಪಿನಿಂದ ನೀರು ಹಾಯಿಸಿದ 1976ರ ನಂತರ ಗಂಡಸರ ವಿಭಾಗದಲ್ಲಿ ಇಷ್ಟು ನಿಧಾನದ ಗೆಲುವು ಬಂದಿರಲಿಲ್ಲ. ಹೆಂಗಸರಲ್ಲಿ ಗೆದ್ದ ಡೆಸಿರೀ ಲಿಂಡೆನ್ ಅವರ ಸಮಯ 2:39:54. ಮುಟಾಯ್ ಮತ್ತು ಕವಾಉಚಿ ಓಡಿದ್ದು ಒಂದೇ ರಸ್ತೆ. ನಡುವೆ ಸುಮಾರು 13 ನಿಮಿಷದ ಅಂತರ. ಈ 13 ನಿಮಿಷದಲ್ಲಿ ಓಟಗಾರರ ಪಾಲೆಷ್ಟು, ಗಾಳಿಮಳೆಯ ಪಾಲೆಷ್ಟು ಎಂದು ಯಾವ ಸ್ಟಾಪ್‌ವಾಚೂ ಬಿಡಿಸಿ ಹೇಳಲಾರದು. ಬರ್ಲಿನ್‌ನಂಥ ಸಪಾಟು ಓಟಗಳಲ್ಲಿ ನಿಗದಿತ ವೇಗದಲ್ಲಿ ಮುಂದೆ ಓಡಿ ದಾರಿ ತೋರಿಸಲು ಬಾಡಿಗೆಯ ಪೇಸರ್‌ಗಳಿರುತ್ತಾರೆ. ಬಾಸ್ಟನ್ನಿನಲ್ಲಿ ಅವರಿಲ್ಲ. ಅಲ್ಲಿ ಗೆಲ್ಲಬೇಕಾದವರು ಪಕ್ಕದವರ ಉಸಿರು ಕೇಳಿಸಿಕೊಂಡು, ಯಾವಾಗ ಮುನ್ನುಗ್ಗಬೇಕೆಂದು ತಾವೇ ನಿರ್ಧರಿಸಬೇಕು.

ಗಡಿಯಾರಕ್ಕೆ ಅಷ್ಟು ಬೆಲೆಯಿಲ್ಲದಿದ್ದರೆ, ಬಾಸ್ಟನ್ನಿಗೆ ಪ್ರವೇಶ ಕೊಡುವುದು ಗಡಿಯಾರ ನೋಡಿಯೇ ಏಕೆ? ಈ ಆಕ್ಷೇಪದಲ್ಲಿ ಹುರುಳಿದೆ. 1970ರಿಂದ ಅರ್ಹತಾ ಸಮಯದ ಪದ್ಧತಿ ಇದೆ. ಈಗ 35ಕ್ಕಿಂತ ಕಡಿಮೆ ವಯಸ್ಸಿನ ಗಂಡಸರು ಮೊದಲೇ ಒಂದು ಮ್ಯಾರಥಾನನ್ನು 2 ಗಂಟೆ 55 ನಿಮಿಷದಲ್ಲಿ, ಹೆಂಗಸರು 3 ಗಂಟೆ 25 ನಿಮಿಷದಲ್ಲಿ ಮುಗಿಸಿರಬೇಕು. ಅಷ್ಟಾದರೂ ಸ್ಥಾನ ಖಾತ್ರಿಯಿಲ್ಲ. ಸುಮಾರು 30,000 ಜನರಿಗಷ್ಟೇ ಜಾಗ, ಆದ್ದರಿಂದ ಅರ್ಜಿ ಹೆಚ್ಚಾದ ವರ್ಷ ಇನ್ನೂ ವೇಗದವರನ್ನೇ ಆರಿಸುತ್ತಾರೆ. ಹೀಗಾಗಿ ಅರ್ಹತೆ ಗಿಟ್ಟಿಸಲೆಂದೇ ಬೆಟ್ಟದ ಮೇಲಿಂದ ಕಣಿವೆಗೆ ಧುಮುಕುವ ಮ್ಯಾರಥಾನುಗಳು ಅಮೆರಿಕದಲ್ಲಿ ಹುಟ್ಟಿಕೊಂಡವು. ಅದಕ್ಕೆ ಸಂಘಟಕರಾದ ಬಾಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ 2025ರಲ್ಲಿ ಮದ್ದು ಹುಡುಕಿತು. 2027ರ ಓಟದಿಂದ, 1,500 ಅಡಿಗೂ ಹೆಚ್ಚು ಇಳಿಯುವ ಓಟದಲ್ಲಿ ಗಳಿಸಿದ ಸಮಯಕ್ಕೆ ಐದು ನಿಮಿಷ, 3,000 ಅಡಿ ಮೀರಿದರೆ ಹತ್ತು ನಿಮಿಷ ಸೇರಿಸಿ ಲೆಕ್ಕ ಹಿಡಿಯುತ್ತಾರೆ. 6,000 ಅಡಿ ಮುಟ್ಟಿದರೆ ಆ ಸಮಯವೇ ಅಮಾನ್ಯ. ತಾನೇ ಇಳಿಜಾರಿನ ಓಟವಾಗಿ ದಾಖಲೆ ಪಟ್ಟಿಯಿಂದ ಹೊರಗುಳಿದದ್ದು ಈಗ ಬೇರೆಯವರ ಇಳಿಜಾರಿಗೆ ದಂಡ ಹಾಕುತ್ತಿದೆ! ತಮಾಷೆಯಾಗಿ ಕಂಡರೂ ಇದರಲ್ಲಿ ವಿರೋಧವಿಲ್ಲ. ಬಾಗಿಲಲ್ಲಿ ಜನರನ್ನು ಎಣಿಸಿ ಬಿಡಲು ಒಂದು ಅಳತೆ ಬೇಕು, ಆ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು. ಒಳಗೆ ಬಂದ ಮೇಲೆ ನಡೆಯುವ ಓಟಕ್ಕೂ ಅದೇ ಅಳತೆ ಸಾಕು ಎನ್ನುವುದಷ್ಟೇ ತಪ್ಪು.

ಇನ್ನು ರಜೆಯ ಮಾತು. ಏಪ್ರಿಲ್ ಮೂರನೇ ಸೋಮವಾರ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ದೇಶಭಕ್ತರ ದಿನದ ರಜೆ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಊರುಗಳಲ್ಲಿ ಬ್ರಿಟಿಷ್ ಸೈನಿಕರಿಗೂ ಸ್ಥಳೀಯ ರೈತಪಡೆಗೂ ನಡೆದ ಕಾಳಗದ ನೆನಪು ಅದು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾದದ್ದು ಅಲ್ಲಿಂದ. 1894ರವರೆಗೆ ಈ ಕಾಲದಲ್ಲಿ ಅಲ್ಲಿ ಇದ್ದದ್ದು ಉಪವಾಸ ಮತ್ತು ಪ್ರಾರ್ಥನೆಯ ಹಳೆಯ ಸರ್ಕಾರಿ ರಜೆ. ಉಪವಾಸ ಮಾಡುವವರು ಕಡಿಮೆಯಾದ ಮೇಲೆ ಅದನ್ನು ತೆಗೆದು ಈ ಹೊಸ ರಜೆ ತಂದರು. ಎರಡು ವರ್ಷದ ಬಳಿಕ ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸಿಗೆ ಹೋಗಿದ್ದ ಬಾಸ್ಟನ್ನಿನವರು ಮ್ಯಾರಥಾನ್ ನೋಡಿ ಮರುಳಾಗಿ ಬಂದರು. 1897ರ ಏಪ್ರಿಲ್ 19ರಂದೇ ತಮ್ಮೂರಿನಲ್ಲಿ ಓಟ ನಡೆಸಿದರು. ಗೆರೆಯಲ್ಲಿ ನಿಂತವರು 15 ಜನ. ಗೆದ್ದವರು ನ್ಯೂಯಾರ್ಕಿನ ಜಾನ್ ಮೆಕ್‌ಡರ್ಮಟ್. ಆ ಕಾಲದ ಓಟಗಾರರಲ್ಲಿ ಬಹಳ ಮಂದಿ ಕೈಕೆಲಸದವರು. ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ ಮುದ್ರಣಾಲಯದ ಕೆಲಸಗಾರ. ಅಂಥವರಿಗೆ ಓಡಲು ಬಿಡುವು ಸಿಗುತ್ತಿದ್ದದ್ದು, ಅವರ ಜೊತೆಯವರಿಗೆ ನೋಡಲು ಬಿಡುವು ಸಿಗುತ್ತಿದ್ದದ್ದು ರಜೆ ಇದ್ದುದರಿಂದ. ಬಹುಕಾಲ ಓಟ ಶುರುವಾಗುತ್ತಿದ್ದದ್ದು ನಡು ಮಧ್ಯಾಹ್ನ ಹನ್ನೆರಡಕ್ಕೆ. ಓಟಗಾರನ ಮೈಗೆ ಅದಕ್ಕಿಂತ ಕೆಟ್ಟ ಹೊತ್ತಿಲ್ಲ, ನೋಡುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತೂ ಇಲ್ಲ. 2007ರಲ್ಲಷ್ಟೇ ಅದನ್ನು ಬೆಳಗ್ಗೆ ಹತ್ತಕ್ಕೆ ತಂದರು.

ರಜೆ ಇಲ್ಲಿ ಬರೀ ಅಲಂಕಾರವಲ್ಲ ಎನ್ನಲು ಸಾಕಷ್ಟು ಕಾರಣಗಳಿವೆ. ಎಂಟು ಊರುಗಳ ಮುಖ್ಯರಸ್ತೆಯನ್ನು ವಾರದ ಮೊದಲ ದಿನ ಹಗಲಿಡೀ ಮುಚ್ಚುವುದು ರಜೆಯಿಲ್ಲದೆ ಆಗದ ಮಾತು. ಬೆಳಗಿನ ಜಾವ ಸಾವಿರಾರು ಜನರನ್ನು ಬಾಸ್ಟನ್ನಿನಿಂದ ಹಾಪ್ಕಿಂಟನ್ನಿಗೆ ಸಾಗಿಸುವುದು ಶಾಲಾ ಮಕ್ಕಳ ಹಳದಿ ಬಸ್ಸುಗಳು. ಶಾಲೆಗಳಿಗೂ ರಜೆ ಇರುವುದರಿಂದ ಅವು ಸಿಗುತ್ತವೆ. ಕೋವಿಡ್ ಕಾರಣಕ್ಕೆ 2020ರ ಓಟ ರದ್ದಾಗಿ 2021ರದ್ದು ಅಕ್ಟೋಬರಿಗೆ ಹೋದಾಗ ಸಂಘಟಕರು ಆರಿಸಿಕೊಂಡದ್ದೂ ಭಾನುವಾರವನ್ನಲ್ಲ, ಇನ್ನೊಂದು ರಜೆಯ ಸೋಮವಾರವನ್ನು. ನೋಡಲು ಬರುವವರು ಸುಮಾರು ಐದು ಲಕ್ಷ ಎಂಬುದು ಸಾಮಾನ್ಯ ಅಂದಾಜು. ಅರ್ಧ ದಾರಿಗೆ ಮೊದಲು ವೆಲ್ಸ್ಲಿ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರ ಕೂಗು ಬಹಳ ದೂರದಿಂದಲೇ ಕಿವಿಗೆ ಬೀಳುತ್ತದೆ. ಹಾರ್ಟ್‌ಬ್ರೇಕ್ ಹಿಲ್ ಮುಗಿಯುವಲ್ಲಿ ಬಾಸ್ಟನ್ ಕಾಲೇಜಿನ ವಿದ್ಯಾರ್ಥಿಗಳು ನಿಂತಿರುತ್ತಾರೆ. ಅದೇ ದಿನ ಬೆಳಗ್ಗೆ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಪಂದ್ಯ ಇರುತ್ತದೆ. ಪಂದ್ಯ ಬಿಟ್ಟ ಜನ ಕೊನೆಯ ಮೈಲಿಯ ಹತ್ತಿರ ಬಂದು ಸೇರುತ್ತಾರೆ. ಈ ಜನರಿಂದ ಓಟಗಾರರಿಗೆ ಒಳ್ಳೆಯದಷ್ಟೇ ಆಗುತ್ತದೆ ಎಂದರೆ ಸುಳ್ಳಾಗುತ್ತದೆ. ಇಳಿಜಾರು ಮೊದಲೇ ಕಾಲನ್ನು ಓಡಿಸುತ್ತಿರುವಾಗ ವೆಲ್ಸ್ಲಿಯ ಕೂಗು ಇನ್ನಷ್ಟು ಓಡಿಸುತ್ತದೆ. ಮೊದಲರ್ಧದಲ್ಲಿ ಹಬ್ಬದ ಗದ್ದಲಕ್ಕೆ ಮನಸೋತವರು ಆ ಸಾಲವನ್ನು ನ್ಯೂಟನ್ನಿನಲ್ಲಿ ತೀರಿಸಬೇಕಾಗುತ್ತದೆ. ಅದೇ ನ್ಯೂಟನ್ನಿನಲ್ಲಿ, ಅಲ್ಲಿಂದ ಮುಂದೆಯೂ, ನಿಲ್ಲಬೇಕೆನಿಸಿದವರನ್ನು ನಿಲ್ಲಗೊಡದಿರುವುದು ಇನ್ನೊಂದು ಗುಂಪು.

ಈ ರಜೆ ಯಾರದು ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಸ್ವಾತಂತ್ರ್ಯದ ಹೆಸರಿನ ಹಬ್ಬದ ಈ ಓಟದಲ್ಲಿ 75 ವರ್ಷ ಹೆಂಗಸರಿಗೆ ಅಧಿಕೃತ ಪ್ರವೇಶವಿರಲಿಲ್ಲ. 1966ರಲ್ಲಿ ಬಾಬಿ ಗಿಬ್ ಅರ್ಜಿ ಹಾಕಿದಾಗ, ಅಷ್ಟು ದೂರ ಓಡುವ ಶಕ್ತಿ ಹೆಂಗಸರ ಮೈಗಿಲ್ಲ ಎಂದು ತಿರಸ್ಕರಿಸಿದರು. ಗಿಬ್ ತಮ್ಮ ಸಹೋದರನ ಚಡ್ಡಿ ತೊಟ್ಟು, ಪೊದೆಯ ಹಿಂದೆ ಅವಿತಿದ್ದು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿಕೊಂಡರು. ಸುಮಾರು 3 ಗಂಟೆ 21 ನಿಮಿಷದಲ್ಲಿ ಮುಗಿಸಿದರು. ಅವರ ಹಿಂದೆ ಉಳಿದ ಗಂಡಸರೇ ಹೆಚ್ಚು. ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ರಸ್ತೆ ಬದಿಯ ಜನ ಹುರಿದುಂಬಿಸಿದರು, ಕೊನೆಯಲ್ಲಿ ರಾಜ್ಯಪಾಲರೇ ಕೈಕುಲುಕಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ನಂಬರ್ ಕಟ್ಟಿಕೊಂಡು ಓಡಿದಾಗ ಅವರನ್ನು ಹೊರಗೆಳೆಯಲು ನೋಡಿದವರು ಅಧಿಕಾರಿ, ಪ್ರೇಕ್ಷಕರಲ್ಲ. ನಿಯಮ ಬದಲಾದದ್ದು 1972ರಲ್ಲಿ. ಸಮಿತಿ ಒಪ್ಪುವುದಕ್ಕೆ ಆರು ವರ್ಷ ಮುಂಚೆ ರಜೆಯ ಜನ ಒಪ್ಪಿದ್ದರು. ಓಟದ ಒಡೆತನ ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ತೆರೆದ ರಸ್ತೆಯಲ್ಲಿ ಅಷ್ಟು ಜನ ಸೇರುವುದೇ ಅಪಾಯ. 2013ರ ಏಪ್ರಿಲ್ 15ರಂದು ಮುಕ್ತಾಯದ ಗೆರೆಯ ಹತ್ತಿರ ಎರಡು ಬಾಂಬು ಸಿಡಿದು ಮೂವರು ಸತ್ತರು. ಗಾಯಗೊಂಡವರು 260ಕ್ಕೂ ಹೆಚ್ಚು, ಅವರಲ್ಲಿ ಕಾಲು ಕಳೆದುಕೊಂಡವರೂ ಇದ್ದರು. ಅದಾದ ಮೇಲೆ ಓಟವನ್ನು ಕ್ರೀಡಾಂಗಣದಂಥ ಕಾವಲಿನ ಜಾಗಕ್ಕೆ ಒಯ್ಯಲು ಯೋಚಿಸಬಹುದಿತ್ತು. ಹಾಗೆ ಮಾಡಲಿಲ್ಲ. ಕಾವಲು ಬಿಗಿಯಾಯಿತು, ಚೀಲಗಳಿಗೆ ನಿರ್ಬಂಧ ಬಂತು. ಆದರೆ 2014ರಲ್ಲಿ ಅದೇ ರಸ್ತೆಯಲ್ಲಿ, ಅದೇ ರಜೆಯ ದಿನ ಸುಮಾರು 36,000 ಮಂದಿಗೆ ಓಡಲು ಅವಕಾಶ ಕೊಟ್ಟರು. ಅಪಾಯ ಇಲ್ಲವೇ ಇಲ್ಲ ಎಂದು ಯಾರೂ ಹೇಳಲಾರರು. ಜನರನ್ನು ದೂರವಿಟ್ಟರೆ ಉಳಿಯುವುದು ಬೇರೆಯದೇ ಓಟ ಎಂದು ಆ ಊರು ತೀರ್ಮಾನಿಸಿತು, ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ.

ಕನ್ನಡಿಗರಿಗೆ ಈ ದಾರಿ ಪೂರ್ತಿ ಪರಕೀಯವಲ್ಲ. ಆಶ್‌ಲೆಂಡಿನ ಶ್ರೀಲಕ್ಷ್ಮಿ ದೇವಸ್ಥಾನ ಇರುವುದು ಓಟ ಸಾಗುವ 135ನೇ ನಂಬರಿನ ರಸ್ತೆಯಲ್ಲೇ. ಬಾಸ್ಟನ್ ಸುತ್ತಲಿನ ಕನ್ನಡದ ಕುಟುಂಬಗಳಿಗೆ ಅದು ಗೊತ್ತಿರುವ ಜಾಗ. ನಮ್ಮಲ್ಲಿಂದ ಅರ್ಹತೆ ಗಳಿಸಿ ಹೋಗುವವರೂ ಇದ್ದಾರೆ. ಅವರಿಗೆ ರಸ್ತೆಗಿಂತ ಹೊಸದಾಗಿ ಕಾಣುವುದು ಜನ. ನಮ್ಮ ದೊಡ್ಡ ಓಟಗಳು ಬಿಸಿಲಿಗೂ ವಾಹನಕ್ಕೂ ಹೆದರಿ ಭಾನುವಾರ ಕತ್ತಲಿರುವಾಗಲೇ ಶುರುವಾಗುತ್ತವೆ, ಊರು ಏಳುವ ಹೊತ್ತಿಗೆ ಅರ್ಧ ಮುಗಿದಿರುತ್ತವೆ. ಮುಂಬೈ ಮ್ಯಾರಥಾನಿನ ಪೆಡ್ಡರ್ ರೋಡ್ ಏರಿನಲ್ಲಿ ಬಾಲ್ಕನಿಯಿಂದ, ಗೇಟಿನಿಂದ ಹುರಿದುಂಬಿಸುವ ನಿವಾಸಿಗಳು ಇದಕ್ಕೊಂದು ಅಪವಾದ. ನಮ್ಮ ಹವೆಯಲ್ಲಿ ಹಗಲು ಹತ್ತಕ್ಕೆ ಓಡಿ ಎಂದು ಯಾರೂ ಹೇಳಬಾರದು. ಆದರೆ ಓಟದ ದಾರಿಯನ್ನು ವರ್ಷ ವರ್ಷ ಬದಲಿಸದೆ, ಏರಿಳಿತಕ್ಕೆ ಅಂಜದೆ, ಒಂದೇ ದಿನಕ್ಕೆ ಅಂಟಿಕೊಳ್ಳುವುದು ನಮ್ಮ ಸಂಘಟಕರಿಗೂ ಸಾಧ್ಯವಿದೆ.

ಬಾಸ್ಟನ್ನಿಗೆ ಹೊರಟವರಿಗೆ ಒಂದು ಮಾತು. ನಂದಿ ಬೆಟ್ಟವನ್ನು ಓಡಿ ಹತ್ತಿ ಕಾರಿನಲ್ಲಿ ಇಳಿದು ಬರುವ ತಾಲೀಮು ಈ ಓಟಕ್ಕೆ ಸಾಲದು. ತೊಡೆಯ ಸ್ನಾಯು ಒಮ್ಮೆ ಇಳಿತದ ಹೊಡೆತ ತಿಂದು ಚೇತರಿಸಿಕೊಂಡರೆ ಮುಂದಿನ ಕೆಲವು ವಾರ ಅಂಥದೇ ಹೊಡೆತಕ್ಕೆ ಕಡಿಮೆ ಹಾಳಾಗುತ್ತದೆ. ಇದು ಸ್ನಾಯುಗಳ ಬಗ್ಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಕಡಿದಾದ ಘಾಟಿ ಬೇಡ, ಮೂರು ನಾಲ್ಕು ಶೇಕಡಾ ಇಳಿಜಾರಿನ ಒಂದು ರಸ್ತೆ ಸಾಕು. ಮೊದಲು ಸ್ವಲ್ಪ, ಆಮೇಲೆ ಹೆಚ್ಚು ಇಳಿಯುವುದನ್ನು ರೂಢಿಸಿಕೊಳ್ಳಿ, ಓಟಕ್ಕೆ ಎರಡು ಮೂರು ವಾರ ಇರುವಾಗ ನಿಲ್ಲಿಸಿ. ಹಾಪ್ಕಿಂಟನ್ನಿನಲ್ಲಿ ಮೊದಲ ಆರೇಳು ಕಿಲೋಮೀಟರ್ ಪಕ್ಕದವರೆಲ್ಲ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ.